ಪ್ರಾಯದ ಕುದುರೆಗೆ ತಕ್ಕ ಕಡಿವಾಣ

ಮೊದಲು ಕುದುರೆ ಕೊಳ್ಳಿ. ಬೆಂಗಳೂರಿನ ಆಸುಪಾಸಿನವರಿಗೆ ಇದೇನೂ ಕಷ್ಟದ ಕೆಲಸವಲ್ಲ. ರೇಸಿನಲ್ಲಿ ಓಡಿ ಗೆಲ್ಲದ, ಇನ್ನು ಗೆಲ್ಲಲಾರದೆಂದು ಮಾಲೀಕರು ಕೈಬಿಟ್ಟ ಥರೋಬ್ರೆಡ್ ಕುದುರೆಗಳು ಪ್ರತಿ ವರ್ಷ ಲಾಯದಿಂದ ಹೊರಬೀಳುತ್ತವೆ. ಅವುಗಳಲ್ಲಿ 4 ವರ್ಷದ್ದನ್ನೇ ಆರಿಸಿ. ಮೈ ಮಿರಿಮಿರಿ ಮಿಂಚುತ್ತಿರಬೇಕು, ತೂಕ 450 ಕಿಲೋ ಮುಟ್ಟಿರಬೇಕು, ನಿಂತಲ್ಲಿ ನಿಲ್ಲಬಾರದು. 14 ವರ್ಷದ, ಎಲ್ಲ ಕಂಡುಂಡ ಕುದುರೆಯನ್ನು ಯಾರಾದರೂ ತೋರಿಸಿದರೆ ನಯವಾಗಿ ಬೇಡವೆನ್ನಿ. ನೀವು ಸವಾರಿ ಕಲಿಯುತ್ತಿರುವವರು. ಕುದುರೆಗೂ ಏನೂ ಬಾರದಿದ್ದರೆ ಇಬ್ಬರೂ ಜೊತೆಯಲ್ಲೇ ಕಲಿಯಬಹುದು.

ಕೊಳ್ಳುವಾಗ ಬಾಯಿ ಬಿಡಿಸಿ ನೋಡಬೇಡಿ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಅಂತಾರೆ. ದುಡ್ಡು ಕೊಟ್ಟು ತಂದ ಕುದುರೆಗೂ ಅದೇ ಮರ್ಯಾದೆ ಸಲ್ಲಲಿ. ಇದಕ್ಕೆ ಚರಿತ್ರೆಯ ಆಧಾರವೂ ಇದೆ. ಅರಸ ಸಾಳುವ ನರಸಿಂಹ ಹೊರ್ಮುಜ್ ಮತ್ತು ಏಡನ್ನಿನಿಂದ ಕುದುರೆ ತರಿಸುತ್ತಿದ್ದಾಗ, ಸಮುದ್ರದಲ್ಲೇ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂದು 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಬಾಲ ನೋಡಿ ದುಡ್ಡೆಣಿಸಿದ ನಾಡಿನವರು ನಾವು. ಹಲ್ಲು ನೋಡುತ್ತೇನೆಂದು ಹಟ ಹಿಡಿಯುವುದು ನಮಗೆ ಶೋಭಿಸದು.

ಅಕಸ್ಮಾತ್ ನೋಡಿಬಿಟ್ಟರೆ ಬೇಡದ ಸಂಗತಿಗಳೆಲ್ಲ ಗೊತ್ತಾಗುತ್ತವೆ. ಎರಡೂವರೆಯಿಂದ ನಾಲ್ಕೂವರೆ ವರ್ಷದ ತನಕ ಕುದುರೆಯ ಹಾಲುಹಲ್ಲು ಉದುರಿ ಹೊಸವು ಬರುತ್ತಿರುತ್ತವೆ. ಗಂಡುಕುದುರೆಗೆ ಕೋರೆಹಲ್ಲು ಒಸಡು ಸೀಳಿಕೊಂಡು ಬರುವುದು ಈ 4-5ರ ಪ್ರಾಯದಲ್ಲೇ. ಕೆಲವಕ್ಕೆ ಮೇಲಿನ ದವಡೆಹಲ್ಲಿನ ಸಾಲಿನ ಮುಂದೆ ಯಾತಕ್ಕೂ ಬಾರದ ಒಂದು ಪುಟ್ಟ ಹಲ್ಲಿರುತ್ತದೆ. ಕಬ್ಬಿಣ ಹೋಗಿ ಬಡಿಯುವುದು ಅದಕ್ಕೇ. ದವಡೆಹಲ್ಲಿನ ಅಂಚು ಸವೆದು ಸವೆದು ಚೂಪಾಗಿ ಒಳಗೆನ್ನೆಯನ್ನು ಕೊರೆಯುತ್ತದೆ. ವರ್ಷಕ್ಕೊಮ್ಮೆಯಾದರೂ ಅರ ಹಾಕಿ ಉಜ್ಜಿಸಬೇಕು. ಇಷ್ಟು ತಿಳಿದುಕೊಂಡಿರೋ, ಕಡಿವಾಣ ಕೊಳ್ಳುವ ಮೊದಲು ಕುದುರೆ ಡಾಕ್ಟರನ್ನು ಕರೆಸಬೇಕಾಗುತ್ತದೆ. ಡಾಕ್ಟರು ಬಂದರೆ ಅರ್ಧ ತೊಂದರೆ ಅಲ್ಲೇ ಮುಗಿದುಹೋಗುವ ಅಪಾಯವಿದೆ.

ಲಾಯದ ಸೈಸ್ ಎರಡನೇ ದಿನವೇ ಬಂದು, ‘ಸಾರ್, ಒಂದೇ ಮಗ್ಗುಲಲ್ಲಿ ಅಗೀತದೆ. ಹುಲ್ಲು ಉಂಡೆ ಮಾಡಿ ಉಗುಳ್ತದೆ. ಹಲ್ಲು ತೋರಿಸ್ಬಿಡಿ ಸಾರ್’ ಅನ್ನುತ್ತಾನೆ. ಅವನು ನೀವು ಹುಟ್ಟುವ ಮೊದಲಿನಿಂದ ಕುದುರೆ ತಿಕ್ಕುತ್ತಿರುವವನು. ‘ಆಯ್ತಪ್ಪ, ನೋಡೋಣ’ ಎನ್ನಿ. ನೋಡೋಣ ಎಂದವರನ್ನು ಸೈಸ್‌ಗಳು ಮತ್ತೆ ಕೇಳುವುದಿಲ್ಲ.

ಈಗ ಸಿದ್ಧಾಂತ. ಕಡಿವಾಣವೆಂದರೆ ಬ್ರೇಕು. ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಕುದುರೆ ನಿಲ್ಲುವುದು ಕಬ್ಬಿಣದ ಬಲದಿಂದಲ್ಲ, ನಿಲ್ಲಲು ಕಲಿಸಿದ್ದರಿಂದ ಎಂದು ಹಳಬರು ಹೇಳುತ್ತಾರೆ. ನೆಲದ ಮೇಲೆ ನಿಂತು ಉದ್ದನೆಯ ಹಗ್ಗದಲ್ಲಿ ಸುತ್ತು ಬಿಡುತ್ತ, ‘ಹೋ...’ ಎಂಬ ದನಿಗೆ ನಿಲ್ಲುವುದನ್ನು ವಾರಗಟ್ಟಲೆ ಕಲಿಸಬೇಕಂತೆ. ಹಳಬರು ಹೇಳುವುದಕ್ಕೆಲ್ಲ ವಾರಗಟ್ಟಲೆ ಹಿಡಿಯುತ್ತದೆ. ಕಬ್ಬಿಣ ಕೊರಿಯರ್‌ನಲ್ಲಿ ಬರುತ್ತದೆ.

ಅದು ಬಾಯಲ್ಲಿ ಎಲ್ಲಿ ಕೂರುತ್ತದೆ ಎಂಬುದನ್ನು ಮಾತ್ರ ತಿಳಿದಿರಿ, ಯಾರಾದರೂ ಕೇಳಿದರೆ ಹೇಳಲು ಬೇಕು. ಮುಂದಿನ ಹಲ್ಲಿಗೂ ದವಡೆಹಲ್ಲಿಗೂ ನಡುವೆ ಹಲ್ಲೇ ಇಲ್ಲದ ಒಂದು ಸಂದಿ ಇದೆ. ಕಂಬಿ ಅಲ್ಲಿ ನಾಲಿಗೆಯ ಮೇಲೆ, ಒಸಡಿನ ಮೇಲೆ ಕೂರುತ್ತದೆ. ಆ ಒಸಡಿನ ಅಡಿ ಮಾಂಸವಿಲ್ಲ. ನಿಮ್ಮ ಮೊಣಕಾಲ ಕೆಳಗೆ ಎಲುಬು ಹೇಗೆ ಚರ್ಮಕ್ಕೇ ಅಂಟಿಕೊಂಡಿದೆಯೋ ಹಾಗೆ ಅಲ್ಲೂ ಎಲುಬಿನ ಅಂಚು. ಕತ್ತಲಲ್ಲಿ ಮಂಚಕ್ಕೆ ಆ ಜಾಗ ತಗುಲಿಸಿಕೊಂಡ ಅನುಭವ ನಿಮಗಿದ್ದರೆ ಈಗ ಅದನ್ನು ನೆನಪಿಗೆ ತಂದುಕೊಳ್ಳಬೇಡಿ.

ಮೊದಲ ಸವಾರಿಗೆ ಶನಿವಾರ ಬೆಳಗ್ಗೆ ಒಳ್ಳೆಯದು. ವಾರವಿಡೀ ಲಾಯದಲ್ಲೇ ಕಟ್ಟಿಹಾಕಿರಿ, ಹುರುಳಿ ಮತ್ತು ಓಟ್ಸ್ ರೇಸಿನ ಕಾಲದ ಅಳತೆಯಲ್ಲೇ ಹಾಕಿಸಿ, ಜೊತೆಗೆ ಬೆಲ್ಲ. ನಂದಿಬೆಟ್ಟದ ಕಡೆಯ ಯಾವುದಾದರೂ ನೀಲಗಿರಿ ತೋಪಿನ ನೇರ ಮಣ್ಣುದಾರಿ ಹುಡುಕಿ. ಹತ್ತಿ. ಬೀಳದಿರಲು ಲಗಾಮನ್ನೇ ಬಿಗಿಯಾಗಿ ಹಿಡಿದುಕೊಳ್ಳಿ. ಹೊಸಬರು ಹಿಡಿದುಕೊಳ್ಳಲೆಂದು ಕುದುರೆಯ ಕತ್ತಿಗೆ ಒಂದು ಚರ್ಮದ ಪಟ್ಟಿ ಕಟ್ಟುವ ಪದ್ಧತಿ ಇದೆ. ಅದು ಚಿಕ್ಕ ಮಕ್ಕಳಿಗೆ, ನಿಮಗಲ್ಲ.

ರೇಸಿನ ಕುದುರೆ 2 ವರ್ಷದ್ದಾಗುವ ಹೊತ್ತಿಗೆ ಕಲಿತಿರುವ ಪಾಠ ಒಂದಿದೆ: ಜಾಕಿ ಲಗಾಮು ಗಿಡ್ಡ ಮಾಡಿ ಬಿಗಿಹಿಡಿದನೆಂದರೆ ಆ ಹಿಡಿತಕ್ಕೆ ಬಾಯಿ ಕೊಟ್ಟು, ಒರಗಿಕೊಂಡು ಓಡಬೇಕು. ಆದ್ದರಿಂದ ನಿಲ್ಲಿಸಬೇಕು ಅನ್ನಿಸಿದ ಕೂಡಲೇ ಲಗಾಮು ಗಿಡ್ಡ ಮಾಡಿ ಬಿಗಿಹಿಡಿಯಿರಿ. ಓಟ ಹೆಚ್ಚುತ್ತದೆ. ಇನ್ನಷ್ಟು ಬಿಗಿ ಮಾಡಿ. ನಾಗಾಲೋಟಕ್ಕೆ ಬೀಳುತ್ತದೆ. ಈಗ ರಿಕಾಪಿನಲ್ಲಿ ಕಾಲೂರಿ, ಮೈಯನ್ನು ಹಿಂದಕ್ಕೆ ಚೆಲ್ಲಿ, ಎರಡೂ ಕೈಯಿಂದ ಒಂದೇ ಸಮ ಎಳೆಯಿರಿ. ಎಳೆದು ಸಡಿಲಿಸುವುದು, ಮತ್ತೆ ಎಳೆದು ಸಡಿಲಿಸುವುದು, ಒಂದು ಕಡೆಯ ಲಗಾಮಿನಿಂದ ದೊಡ್ಡ ಸುತ್ತಿಗೆ ತಿರುಗಿಸಿ ವೇಗ ಇಳಿಸುವುದು, ಇವೆಲ್ಲ ಹೆದರಿದವರ ಲಕ್ಷಣ. ನೀವು ಎಳೆದಷ್ಟೂ ಅದಕ್ಕೆ ಒರಗಲು ಗೋಡೆ ಸಿಕ್ಕಂತಾಗುತ್ತದೆ. ಸಿಗಲಿ. ಕೊನೆಗೆ ಲಾಯದ ಗೇಟಿನ ಮುಂದೆ ಅದು ತಾನಾಗಿಯೇ ನಿಲ್ಲುತ್ತದೆ.

ಇಳಿದ ಮೇಲೆ, ಕಾಲು ನಡುಗುವುದು ಕಾಣದಂತೆ ಕಂಬಕ್ಕೆ ಒರಗಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿ: ‘ಬಾಯಿ ಬಹಳ ಗಟ್ಟಿ ಇದಕ್ಕೆ. ಪೊಗರು. ಕಡಿವಾಣ ಬದಲಾಯಿಸಬೇಕು.’ ಇಷ್ಟು ಹೇಳಿಬಿಟ್ಟರೆ ನಿಮ್ಮ ಕೈಯ ವಿಚಾರ ಮುಂದೆಂದೂ ಚರ್ಚೆಗೆ ಬರುವುದಿಲ್ಲ. ಈ ಕೈಪಿಡಿಯಲ್ಲಿ ಒಂದೇ ವಾಕ್ಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಕುದುರೆಯ ಜೊತೆ ಬಂದದ್ದು ಸ್ನಾಫಲ್. ಎರಡು ಬಳೆ, ನಡುವೆ ಕೀಲಿರುವ ಒಂದು ಕಂಬಿ, ಅಷ್ಟೇ. ಕೈ ಎಷ್ಟು ಎಳೆಯಿತೋ ಬಾಯಿಗೆ ಅಷ್ಟೇ ಹೋಗುತ್ತದೆ. ಲಾಭವೂ ಇಲ್ಲ, ಬಡ್ಡಿಯೂ ಇಲ್ಲ. ಅದನ್ನು ಮೊಳೆಗೆ ನೇತುಹಾಕಿ, ಅಂಗಡಿ ಕಡೆ ನಡೆಯಿರಿ. ಕುದುರೆ ಸಾಮಾನಿಗೆ ಕಾನ್ಪುರ ಹೆಸರುವಾಸಿ. ಅಲ್ಲಿಂದ ತರಿಸಿದ ಪಟ್ಟಿಯನ್ನು ರಾತ್ರಿ ಊಟದ ಮೇಲೆ ನಿಧಾನವಾಗಿ ಓದಿ. ತಿರುಚಿದ ಕಂಬಿ, ಎರಡು ಕೀಲಿನದು, ತಾಮ್ರದ್ದು, ರಬ್ಬರು ಹೊದಿಸಿದ್ದು, ಪೆಲ್ಹಾಮ್, ಕಿಂಬಲ್‌ವಿಕ್, ಗ್ಯಾಗ್. ಒಂದೊಂದಾಗಿ ತರಿಸಿ ಪ್ರತಿಯೊಂದಕ್ಕೂ ಒಂದು ವಾರ ಕೊಡಿ. ಹೊಸ ಕಬ್ಬಿಣ ಹಾಕಿದ ಮೊದಲ ದಿನ ಕುದುರೆ ಬೆಚ್ಚಿ ನಿಧಾನಕ್ಕೆ ಹೋಗುತ್ತದೆ. ಅದನ್ನು ಗೆಲುವೆಂದು ಬಗೆಯಿರಿ. ನಾಲ್ಕನೇ ದಿನ ಹಳೆಯ ಚಾಳಿಗೇ ಬಂದರೆ ಪಟ್ಟಿಯ ಮುಂದಿನ ಪುಟ ತಿರುವಿ. ಇವನ್ನೆಲ್ಲ ತುಂಬಿಡಲು ಒಂದು ಗಟ್ಟಿ ಪೆಟ್ಟಿಗೆ ಮಾಡಿಸಿ, ಬೀಗದ್ದು.

ದಪ್ಪ ಕಂಬಿ ಮೆದು, ತೆಳು ಕಂಬಿ ಕಟು ಎಂಬ ಮಾತನ್ನು ಕೇಳಿರುತ್ತೀರಿ. ಒಂದು ಮಟ್ಟಿಗೆ ನಿಜ. ಆದರೆ ಥರೋಬ್ರೆಡ್ಡಿನ ಬಾಯಿ ಇಕ್ಕಟ್ಟು, ಒಳಗೆ ನಾಲಿಗೆಯೇ ಜಾಗ ತುಂಬಿರುತ್ತದೆ. ದಯೆ ತೋರಿ ತೀರಾ ದಪ್ಪನೆಯದನ್ನು ತುರುಕಿದರೆ ಬಾಯಿ ಮುಚ್ಚಲಾಗದೆ ಒದ್ದಾಡುತ್ತದೆ. ಆದ್ದರಿಂದ ದಯೆ ತೋರುವುದಿದ್ದರೂ ಅಳತೆ ನೋಡದೆ ತೋರಿಸಿ. ಅಗಲದ ವಿಷಯದಲ್ಲೂ ಹಾಗೆಯೇ. ತುಟಿಯ ಎರಡೂ ಕಡೆ ಕಾಲಂಗುಲದಷ್ಟು ಬಿಟ್ಟು ಕೂರಬೇಕು, 5 ಅಂಗುಲದ್ದು ಬೇಕೋ ಐದೂಕಾಲಿನದು ಬೇಕೋ ಎಂದು ದಾರ ಹಿಡಿದು ಅಳೆಯುವವರಿದ್ದಾರೆ. ನೀವು ಅಂಗಡಿಯವನ ಬಳಿ ಇದ್ದದ್ದನ್ನು ತನ್ನಿ. ಅಗಲ ಹೆಚ್ಚಾದರೆ ಅತ್ತಿಂದಿತ್ತ ಜಾರಿ ಕೀಲು ನಾಲಿಗೆಗೆ ಚುಚ್ಚುತ್ತದೆ, ಕಡಿಮೆಯಾದರೆ ತುಟಿ ಸಿಕ್ಕಿ ಹಿಸುಕುತ್ತದೆ. ಎರಡರಲ್ಲೂ ಕುದುರೆಗೆ ನಿಮ್ಮ ಇರವು ಮರೆಯುವುದಿಲ್ಲ. ಕಟವಾಯಿಯಲ್ಲಿ ಒಂದೆರಡು ನೆರಿಗೆ ಮೂಡುವಷ್ಟು ಎತ್ತರಕ್ಕೆ ಕಟ್ಟಬೇಕೆಂಬುದು ರೂಢಿ. ನಾಲ್ಕು ನೆರಿಗೆ ಬರುವ ತನಕ ಎತ್ತಿ ಕಟ್ಟಿ. ಫೋಟೋದಲ್ಲಿ ಕುದುರೆ ನಗುತ್ತಿರುವಂತೆ ಬರುತ್ತದೆ.

ಪಟ್ಟಿಯ ಕೊನೆಗೆ ನೀವು ಕರ್ಬ್ ಜಾತಿಯ ಕಡಿವಾಣಕ್ಕೆ ಬಂದು ಮುಟ್ಟುತ್ತೀರಿ. ಇಲ್ಲಿ ಸ್ವಲ್ಪ ಹೈಸ್ಕೂಲಿನ ಭೌತಶಾಸ್ತ್ರ ಬೇಕು, ಗಮನವಿಡಿ. ಕಂಬಿಯ ಎರಡು ತುದಿಗೂ ಮೇಲೊಂದು ಕೆಳಗೊಂದು ತೋಳಿರುತ್ತದೆ. ಲಗಾಮು ಕೆಳತೋಳಿನ ತುದಿಗೆ. ಮೇಲಿನ ತೋಳಿನಿಂದ ಒಂದು ಸರಪಳಿ ಗದ್ದದ ಕೆಳಗೆ ಹಾದುಹೋಗುತ್ತದೆ. ಮೇಲಿನದು 5 ಸೆಂಟಿಮೀಟರು, ಕೆಳಗಿನದು 10 ಎಂದಿಟ್ಟುಕೊಳ್ಳಿ. ಸರಪಳಿ ಬಿಗಿದ ಮೇಲೆ ನೀವು 1 ಕಿಲೋದಷ್ಟು ಎಳೆದರೆ ಅದು ಗದ್ದವನ್ನು ಸುಮಾರು 2 ಕಿಲೋದಷ್ಟು ಅದುಮುತ್ತದೆ, ಬಾಯೊಳಗಿನ ಕಂಬಿ ಸುಮಾರು 3 ಕಿಲೋದಷ್ಟು. ನೀವು ಜೀನಿನ ಮೇಲೆ ಆಯ ತಪ್ಪಿ ಲಗಾಮಿಗೆ ಜೋತುಬಿದ್ದಾಗ ಎಳೆಯುವುದು 1 ಕಿಲೋ ಅಲ್ಲ ಎಂಬುದನ್ನು ಲೆಕ್ಕಕ್ಕೆ ಸೇರಿಸಿ, ಕೆಳತೋಳು ಇನ್ನೂ ಉದ್ದವಿರುವುದನ್ನೇ ಆರಿಸಿ. ಪಳಗಿದ ಕುದುರೆಯ ಮೇಲೆ ನುರಿತ ಸವಾರ ಇದನ್ನು ಕಿರುಬೆರಳ ಮಿಡುಕಾಟದಿಂದಲೇ ನಡೆಸುತ್ತಾನೆ, ಪಿಸುಮಾತಿಗೆಂದು ಮಾಡಿದ ಉಪಕರಣವಿದು ಎಂದು ಬಲ್ಲವರು ಹೇಳಿದರೆ ತಲೆಯಾಡಿಸಿ. ಆಮೇಲೆ ಎಂದಿನಂತೆ ಎರಡೂ ಕೈಯಲ್ಲಿ ಎಳೆಯಿರಿ.

ಓದುವ ಹವ್ಯಾಸವಿದ್ದವರು ಗ್ರೀಸಿನ ಕ್ಸೆನೊಫೋನನನ್ನು ಸಾಕ್ಷಿಗೆ ಕರೆಯಬಹುದು. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಕುದುರೆ ಸವಾರಿಯ ಬಗ್ಗೆ ಪುಸ್ತಕ ಬರೆದ ಆತ, ಸವಾರನ ಬಳಿ ಕನಿಷ್ಠ ಎರಡು ಕಡಿವಾಣ ಇರಬೇಕು, ಒಂದು ನುಣುಪು, ಇನ್ನೊಂದು ಹಲ್ಲುಳ್ಳ ಒರಟಿನದು ಎನ್ನುತ್ತಾನೆ. ಅಲ್ಲಿಗೆ ಪುಸ್ತಕ ಮುಚ್ಚಿ. ಮುಂದೆ ಓದಿದರೆ, ಒರಟಿನದು ಇರುವುದು ಕುದುರೆ ಅದನ್ನು ಕಚ್ಚಿ ಹಿಡಿಯದೆ ಬಿಟ್ಟುಕೊಡಲು ಕಲಿಯಲಿ, ಆಮೇಲೆ ನುಣುಪಿನದನ್ನು ಕಂಡು ಹಿಗ್ಗಲಿ ಎಂಬುದಕ್ಕಾಗಿ ಎಂದು ಗೊತ್ತಾಗಿ, ನಿಮ್ಮ ವಾದ ಕೆಡುತ್ತದೆ.

ಇನ್ನು ಮುಳ್ಳು ಕಡಿವಾಣ. ಕಂಬಿಗೆ ಕಬ್ಬಿಣದ ಮೊನೆಗಳಿರುವ ಇದನ್ನು ದೇಶದಲ್ಲಿ ಮದುವೆ ಮೆರವಣಿಗೆಯ ಕುದುರೆಗಳಿಗೂ ಟಾಂಗಾ ಕುದುರೆಗಳಿಗೂ ಇವತ್ತಿಗೂ ಹಾಕುವವರಿದ್ದಾರೆ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳ ಬಗೆಗಿನ 1965ರ ನಿಯಮಾವಳಿ ಇದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಹೆದರಬೇಡಿ. ಮೂಲ ಕಾಯ್ದೆ 1960ರದ್ದು. ಅದರಲ್ಲಿ ಪ್ರಾಣಿಹಿಂಸೆಯ ಮೊದಲ ತಪ್ಪಿಗೆ ದಂಡ 10 ರೂಪಾಯಿಗೆ ಕಡಿಮೆಯಿಲ್ಲ, 50 ರೂಪಾಯಿಗೆ ಹೆಚ್ಚಿಲ್ಲ. ಬೆಂಗಳೂರಿನಲ್ಲಿ ಸ್ಕೂಟರನ್ನು ನಿಲ್ಲಿಸಬಾರದ ಕಡೆ ನಿಲ್ಲಿಸಿದರೆ ಇದಕ್ಕಿಂತ ಹೆಚ್ಚು ತೆರಬೇಕು. ಆದರೂ ನನ್ನನ್ನು ಕೇಳಿದರೆ ಮುಳ್ಳಿನದಕ್ಕಿಂತ ಉದ್ದ ತೋಳಿನದೇ ವಾಸಿ. ಅದೇ ಕೆಲಸ ಆಗುತ್ತದೆ, ರಕ್ತ ಹೊರಗೆ ಕಾಣುವುದಿಲ್ಲ, ಸಭ್ಯರು ಯಾರೂ ಪ್ರಶ್ನಿಸುವುದಿಲ್ಲ.

ಇಷ್ಟು ಹೊತ್ತಿಗೆ ಕುದುರೆ ಉತ್ತರ ಕೊಡಲು ಶುರುಮಾಡಿರುತ್ತದೆ. ಬಾಯಿ ತೆರೆದರೆ ಮೂಗುಪಟ್ಟಿಯನ್ನು ಬಿಗಿಯಿರಿ. ಪಟ್ಟಿಗೂ ಮೂಗಿನ ಎಲುಬಿಗೂ ನಡುವೆ ಎರಡು ಬೆರಳು ತೂರಬೇಕೆಂಬ ನಿಯಮವಿದೆ, ಯಾರ ಬೆರಳೆಂದು ಹೇಳಿಲ್ಲವಾದ್ದರಿಂದ ಮಗುವಿನದೆಂದು ಭಾವಿಸಿ. ತಲೆ ಎತ್ತಿ ಒದರಿದರೆ ಮಾರ್ಟಿಂಗೇಲ್ ಪಟ್ಟಿ ಹಾಕಿ ಕೆಳಕ್ಕೆ ಕಟ್ಟಿ. ನಾಲಿಗೆಯನ್ನು ಕಂಬಿಯ ಮೇಲಕ್ಕೆ ತೆಗೆದುಕೊಂಡರೆ ನಾಲಿಗೆ ಕಟ್ಟಿ. ಗದ್ದವನ್ನು ಎದೆಗೆ ಒತ್ತಿಕೊಂಡು ಕಂಬಿಯಿಂದ ತಪ್ಪಿಸಿಕೊಳ್ಳತೊಡಗಿದರೆ ಮಾತ್ರ ಏನೂ ಕಟ್ಟಬೇಡಿ. ಕತ್ತು ಸೊಗಸಾಗಿ ಬಾಗಿದೆಯೆಂದು ನೋಡಿದವರು ಮೆಚ್ಚುತ್ತಾರೆ. ಜೀನಿನ ಅಡಿ ಕೈಯಾಡಿಸಿ ನೋಡಬೇಡಿ. ಹಿಂದಿನ ಕುದುರೆಯ ಜೀನು ಇದರ ಹೆಗಲೆಲುಬಿಗೆ ಒತ್ತುತ್ತಿದ್ದರೆ, ನೋವಿನಿಂದ ಓಡುವ ಕುದುರೆಯನ್ನು ನೀವು ಬಾಯಲ್ಲಿ ಹಿಡಿದು ನಿಲ್ಲಿಸುತ್ತಿದ್ದೀರಿ ಎಂದಾಗುತ್ತದೆ, ಅದರಿಂದ ಕಡಿವಾಣದ ವಿಷಯ ಅನಗತ್ಯವಾಗಿ ಗೋಜಲಾಗುತ್ತದೆ.

ಸವಾರಿ ಕಲಿಸುವ ಗುರುಗಳ ಬಗ್ಗೆ ಎಚ್ಚರವಿರಲಿ. ಒಳ್ಳೆಯವರನ್ನು ಗುರುತಿಸುವುದು ಸುಲಭ: ಅವರು ನಿಮ್ಮ ಕೈಯಿಂದ ಲಗಾಮನ್ನೇ ಕಿತ್ತುಕೊಳ್ಳುತ್ತಾರೆ. ಉದ್ದನೆಯ ಹಗ್ಗದಲ್ಲಿ ಕುದುರೆಯನ್ನು ಸುತ್ತು ಬಿಟ್ಟು, ನಿಮ್ಮನ್ನು ಖಾಲಿ ಕೈಯಲ್ಲಿ ಮೇಲೆ ಕೂರಿಸಿ, ‘ಸೊಂಟ ಸಡಿಲ ಬಿಡಿ, ಉಸಿರಾಡಿ’ ಎನ್ನುತ್ತಾರೆ. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನಲ್ಲಿ ಹೊಸಬರನ್ನು ತಿಂಗಳುಗಟ್ಟಲೆ ಹೀಗೇ ಲಗಾಮು ಕೊಡದೆ ಸುತ್ತಿಸುತ್ತಾರೆ. ಅಂಥವರ ಬಳಿ ಹೋದರೆ ಕುದುರೆಯ ಬಾಯಿಯ ಮೇಲೆ ಆತುಕೊಳ್ಳದೆ ಕೂರುವುದು ಬಂದುಬಿಡುತ್ತದೆ. ಬದಲಿಗೆ, ಬೇಲಿಯ ಮೇಲೆ ಕೂತು ‘ಇನ್ನೂ ಎಳೀರಿ ಸಾರ್, ಇನ್ನೂ ಎಳೀರಿ’ ಎನ್ನುವವರನ್ನು ಇಟ್ಟುಕೊಳ್ಳಿ. ಅವರು ಸಂಬಳ ಕೇಳುವುದಿಲ್ಲ, ಟೀ ಕೊಡಿಸಿದರೆ ಸಾಕು.

ಮುಂದೊಂದು ದಿನ ಕುದುರೆ ಮುಂದೆಯೂ ಹೋಗಲಾರದೆ, ನಿಲ್ಲಲೂ ಆಗದೆ, ಇದ್ದ ಒಂದೇ ದಿಕ್ಕಿಗೆ, ಅಂದರೆ ಮೇಲಕ್ಕೆ, ಮುಂಗಾಲೆತ್ತಿ ನಿಲ್ಲುತ್ತದೆ. ಇಳಿಯಿರಿ, ಬಹುಶಃ ಆಗಲೇ ಇಳಿದಿರುತ್ತೀರಿ. ಇದು ಮಾರುವ ಕಾಲ. ಕಟವಾಯಿಯ ಬಿಳಿ ಕಲೆ ಕಾಣದ ಮಗ್ಗುಲಿಂದ ಫೋಟೋ ತೆಗೆಸಿ, ‘ಹುರುಪಿನ ಕುದುರೆ, ಅನುಭವಿ ಸವಾರರಿಗೆ ಮಾತ್ರ’ ಎಂದು ಬರೆಯಿರಿ.

ನೋಡಲು ಬರುವವರು ಕೆಲವೊಮ್ಮೆ ಜೊತೆಗೆ ಒಬ್ಬ ಹುಡುಗಿಯನ್ನು ಕರೆತರುತ್ತಾರೆ. ಕಡ್ಡಿಯಂಥ ಮೈ, ಹತ್ತನೇ ಕ್ಲಾಸಿನವಳು. ಅವಳು ಎಲ್ಲ ಪಟ್ಟಿಗಳನ್ನೂ ಬಿಚ್ಚಿಸಿ, ಬೆರಳಿಂದ ಒಸಡು ತಡವಿ, ಮೊಳೆಯಲ್ಲಿದ್ದ ಹಳೇ ಸ್ನಾಫಲನ್ನು ನೀರಲ್ಲಿ ತೊಳೆದು ಹಾಕಿ ಹತ್ತುತ್ತಾಳೆ. ಕುದುರೆ ಎರಡು ಸುತ್ತು ತಲೆ ಕೊಡವುತ್ತದೆ. ಮೂರನೇ ಸುತ್ತಿಗೆ ಕತ್ತು ಇಳಿಸಿ, ಸಡಿಲ ಲಗಾಮಿನಲ್ಲಿ ನಡೆದು ಬಂದು, ಅವಳು ಉಸಿರು ಬಿಟ್ಟದ್ದೇ ತಡ, ನಿಲ್ಲುತ್ತದೆ. ಗಾಬರಿಯಾಗಬೇಡಿ. ತಕ್ಷಣ ಬೆಲೆ ಏರಿಸಿ. ಇಷ್ಟು ತಿಂಗಳು ಅದನ್ನು ಪಳಗಿಸಿದವರು ಯಾರು? ನೀವೇ.

ಬೀಗದ ಪೆಟ್ಟಿಗೆಯನ್ನು ಮಾತ್ರ ಕುದುರೆಯ ಜೊತೆ ಕೊಡಬೇಡಿ. ಮುಂದಿನದಕ್ಕೆ ಬೇಕಾಗುತ್ತದೆ.